ನನ್ನ ಪುಸ್ತಕವೇ ನನಗೆ ಮುಯ್ಯಿ

ಕುಡಿಯುವುದನ್ನು ಬಿಡಿಸುವವರು ನಮ್ಮ ಕಡೆ ಊರಿಗೊಬ್ಬರಾದರೂ ಸಿಗುತ್ತಾರೆ. ಒಬ್ಬರು ತಾಯಿತ ಕಟ್ಟುತ್ತಾರೆ, ಇನ್ನೊಬ್ಬರು ಯಾವುದೋ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾರೆ, ಮತ್ತೊಬ್ಬರು ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸುತ್ತಾರೆ. ಇಸ್ಪೀಟು ಬಿಡಿಸಲು ಪೊಲೀಸರಿದ್ದಾರೆ, ಗುಟ್ಕಾ ಬಿಡಿಸಲು ಹಲ್ಲಿನ ಡಾಕ್ಟರಿದ್ದಾರೆ. ಆದರೆ ಬರೆಯುವ ಚಟ ಹತ್ತಿದವನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೋ ಯಾರಿಗೂ ಗೊತ್ತಿಲ್ಲ. ಅವನ ಬಾಯಿ ವಾಸನೆ ಬರುವುದಿಲ್ಲ, ಅವನು ಚರಂಡಿಯಲ್ಲಿ ಬೀಳುವುದಿಲ್ಲ. ಹಾಗಾಗಿ ಮನೆಯವರಿಗೆ ಸುಳಿವು ಹತ್ತುವ ಹೊತ್ತಿಗೆ ಪುಸ್ತಕವೇ ಅಚ್ಚಾಗಿಬಿಟ್ಟಿರುತ್ತದೆ. ನನ್ನದೂ ಹಾಗೇ ಆಯಿತು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವವನು. ತಾಮ್ರದ ತಂತಿ ಸುತ್ತುತ್ತಾ ಕೂತಾಗ ಕೈಗೆ ಕೆಲಸವಿರುತ್ತದೆ, ತಲೆ ಖಾಲಿ ಇರುತ್ತದೆ. ಖಾಲಿ ತಲೆಗೆ ಹಾಸ್ಯ ಹೊಳೆಯುತ್ತದೆ. ಗಂಭೀರ ಸಾಹಿತ್ಯಕ್ಕೆ ತಲೆ ತುಂಬಿರಬೇಕಂತೆ, ಅದು ನನ್ನಿಂದಾಗದ ಮಾತು. ಬರೆದದ್ದನ್ನು ಒಂದೆರಡು ಪತ್ರಿಕೆಯವರು ಹಾಕಿದರು, ಗೌರವಧನದ ಬದಲು ಗೌರವಪ್ರತಿ ಕಳಿಸಿದರು. ಒಂದು ಸಂಘದವರು ಕರೆದು ಶಾಲು ಹೊದಿಸಿದರು, ಫೋಟೋ ತೆಗೆದಾದ ಮೇಲೆ ಅದೇ ಶಾಲನ್ನು ಪಕ್ಕದ ಕುರ್ಚಿಯವರಿಗೆ ಹೊದಿಸಿದರು. ಅಷ್ಟಕ್ಕೇ ನಾನು ಉಬ್ಬಿ, ಕೊಟ್ಟೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಸ್ವಂತ ಖರ್ಚಿನಿಂದ ಆ ಹಾಸ್ಯ ಪ್ರಬಂಧಗಳ ಪುಸ್ತಕ ಮಾಡಿಸಿದೆ. ಕೊಂಡವರ ಹೆಸರುಗಳೆಲ್ಲ ನನಗೆ ಇವತ್ತಿಗೂ ಬಾಯಿಪಾಠವಿವೆ. ಅವರಲ್ಲಿ ಇಬ್ಬರು, ತಮ್ಮ ಮೋಟರು ಬೇಗ ರಿಪೇರಿಯಾಗಲಿ ಎಂದು ಕೊಂಡವರು.

ಉಳಿದವೆಲ್ಲ ಮಂಚದ ಕೆಳಗೆ ಸೇರಿದವು. ಮಂಚದ ಕೆಳಗೆ ಜೋಳದ ಚೀಲಕ್ಕೆ ಜಾಗವಿಲ್ಲ ಎಂದು ನನ್ನ ಹೆಂಡತಿ ಕೊಟ್ರಮ್ಮ ದಿನಾ ಬೆಳಿಗ್ಗೆ ಶುರು ಮಾಡಿದಾಗ ನನಗೊಂದು ಜಾಣತನ ಹೊಳೆಯಿತು. ಮದುವೆ, ಗೃಹಪ್ರವೇಶ, ತೊಟ್ಟಿಲು ಅಂತ ಯಾರ ಮನೆಗೆ ಹೋದರೂ ನಮ್ಮಲ್ಲಿ ಬರಿಗೈಲಿ ಹೋಗುವಂತಿಲ್ಲ, ಮುಯ್ಯಿ ಮಾಡಬೇಕು. ನಾವು ಸ್ಟೀಲಿನ ಡಬ್ಬಿ ಕೊಟ್ಟರೆ ನಮ್ಮ ಮನೆಯ ಕಾರ್ಯಕ್ಕೆ ಅವರು ಸ್ಟೀಲಿನ ಡಬ್ಬಿ ತರುತ್ತಾರೆ, ಸೀರೆಗೆ ಸೀರೆ, ಕೊಡಕ್ಕೆ ಕೊಡ. ಡಬ್ಬಿ ಬದಲು ಪುಸ್ತಕ ಕೊಟ್ಟರೇನು? ಜ್ಞಾನದಾನವೂ ಆಯಿತು, ಮಂಚದ ಕೆಳಗೂ ಹಗುರಾಯಿತು. ಅಲ್ಲಿಂದ ಮುಂದೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲೇ ಮದುವೆಯಾಗಲಿ, ಬಣ್ಣದ ಕಾಗದದಲ್ಲಿ ಸುತ್ತಿದ ನನ್ನ ಪುಸ್ತಕ ಹಾಜರು. ಕೊಟ್ರಮ್ಮ ಮಾತ್ರ ಮೊದಲ ದಿನವೇ ಎಚ್ಚರಿಸಿದ್ದಳು: "ನೋಡ್ರಿ, ಮುಯ್ಯಿ ಅಂದ್ರ ಬಿತ್ತಿದಂಗ. ಏನು ಬಿತ್ತೀರೋ ಅದಾ ಬೆಳೀತತಿ." ಹೆಂಗಸರ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ನನ್ನ ಮಟ್ಟಿಗೆ ಸಾಹಿತ್ಯದ ಪ್ರಸಾರ ನಡೆಯುತ್ತಿತ್ತು.

ಈ ವರ್ಷ ನಾವು ಎರಡು ಕೋಣೆಯ ಸಣ್ಣದೊಂದು ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಸುತ್ತಲಿನ ತಾಲ್ಲೂಕುಗಳ ಬೀಗರೆಲ್ಲ ಬಂದರು, ಹೋಳಿಗೆ ಉಂಡರು, ಹೋಗುವಾಗ ಒಬ್ಬೊಬ್ಬರೂ ಒಂದೊಂದು ಪೊಟ್ಟಣ ಕೊಟ್ಟರು. ಕೊಟ್ರಮ್ಮನ ಮನಸ್ಸಿನಲ್ಲಿ ದೊಡ್ಡದೊಂದು ಕಡಾಯಿ, ಕುಕ್ಕರು, ಕೈಹಿಡಿಯಿರುವ ಬೋಗುಣಿ ಎಲ್ಲ ಇದ್ದವು. ಆದರೆ ಪೊಟ್ಟಣಗಳು ಚಪ್ಪಟೆಯಾಗಿದ್ದವು. ಹೆಚ್ಚುಕಡಿಮೆ ಎಲ್ಲವೂ ಒಂದೇ ಸೈಜು. ಕಡಾಯಿ ಎಷ್ಟೇ ಕಷ್ಟಪಟ್ಟರೂ ಆ ಆಕಾರಕ್ಕೆ ಬರಲಾರದು. ಮಂದಿಯೆಲ್ಲ ಹೋದ ಮೇಲೆ ಬಿಚ್ಚುತ್ತಾ ಹೋದೆವು. ನನ್ನ ಪುಸ್ತಕ, ನನ್ನ ಪುಸ್ತಕ, ಒಂದು ಗೋಡೆ ಗಡಿಯಾರ, ಮತ್ತೆ ನನ್ನ ಪುಸ್ತಕ. ಕೆಲವು ನಾನೇ ಸುತ್ತಿದ್ದ ಕಾಗದದಲ್ಲಿ, ನಾನೇ ಹಚ್ಚಿದ್ದ ಟೇಪಿನೊಂದಿಗೆ, ಹೋದ ಹಾಗೇ ಬಂದಿದ್ದವು. ಒಂದರ ಮೊದಲ ಪುಟದಲ್ಲಿ "ನವದಂಪತಿಗಳಿಗೆ ಶುಭವಾಗಲಿ" ಎಂದು ನಾನು ಬರೆದಿದ್ದೆ. ಅದರ ಕೆಳಗೆ ಕೂಡ್ಲಿಗಿಯವರು ಹರಪನಹಳ್ಳಿಯವರಿಗೆ, ಹರಪನಹಳ್ಳಿಯವರು ಹಡಗಲಿಯವರಿಗೆ, ಹಡಗಲಿಯವರು ಕೊಟ್ಟೂರಿನವರಿಗೆ ಶುಭ ಕೋರಿದ್ದರು. ಕೊಟ್ಟೂರಿನವರು, ಪಾಪ, ಅದನ್ನೇ ನನಗೆ ತಂದುಕೊಟ್ಟಿದ್ದರು. ಪ್ರೆಸ್ಸಿನಲ್ಲಿ ಕತ್ತರಿಸುವಾಗ ತಪ್ಪಿ ನಡುವೆ ಎರಡು ಹಾಳೆ ಕೂಡಿಕೊಂಡೇ ಉಳಿದಿದ್ದವು. ಇಷ್ಟು ಊರು ತಿರುಗಿದರೂ ಅವನ್ನು ಒಬ್ಬರೂ ಬಿಡಿಸಿರಲಿಲ್ಲ.

ಕೊಟ್ರಮ್ಮ ಬೈಯಲಿಲ್ಲ. ಪುಸ್ತಕಗಳನ್ನು ಸಾಲಾಗಿ ಜೋಡಿಸಿ, "ಇಳುವರಿ ಛಲೋ ಬಂದೈತಿ ಬಿಡ್ರಿ. ನಾಳಿಂದ ಇದರಾಗಾ ಹಿಟ್ಟು ನಾದತೀನಿ" ಎಂದಳು.

ನನಗೆ ನಿಜವಾಗಿಯೂ ಅಳು ಬಂತು. ಬರೆದರೆ ದುಡ್ಡು ಬರುವುದಿಲ್ಲ ಎನ್ನುವುದು ನನಗೆ ಯಾವತ್ತೋ ಗೊತ್ತಾಗಿತ್ತು, ಅದನ್ನು ನುಂಗಿಕೊಂಡಿದ್ದೆ. ದುಡ್ಡು ಹೋಗಲಿ, ಎಲ್ಲೋ ಯಾರೋ ಓದಿ ನಗುತ್ತಿದ್ದಾರೆ ಎಂಬ ಒಂದು ಎಳೆ ನಂಬಿಕೆಯ ಮೇಲೆ ಇಷ್ಟು ವರ್ಷ ಬರೆದವನು ನಾನು. ಆ ನಂಬಿಕೆಯನ್ನೂ ಬೀಗರು ಬಣ್ಣದ ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟಿದ್ದರು. "ಕೊಟ್ರಮ್ಮ, ಇವತ್ತಿಗೆ ಮುಗೀತು. ಇನ್ನು ನಾನು ಒಂದಕ್ಷರ ಬರಿಯಂಗಿಲ್ಲ" ಎಂದೆ. ಅವಳು ಗಾಬರಿಯಾಗುತ್ತಾಳೆ, ಹಾಗೆಲ್ಲ ಅನ್ನಬ್ಯಾಡ್ರಿ ಎನ್ನುತ್ತಾಳೆ ಎಂದು ಕಾದೆ. "ಹೌದಾ? ಹಂಗಾರ ಆ ಬರಿಯೋ ಟೇಬಲ್ಲು ಅಡಿಗಿ ಮನಿಗೆ ಬರ್ತತಿ" ಎಂದವಳೇ ಅರ್ಧ ಗಂಟೆಯಲ್ಲಿ ಅದರ ಮೇಲೆ ಮಿಕ್ಸರ್ ಕೂರಿಸಿದಳು.

ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ಬರೆಯುವುದನ್ನು ಬಿಟ್ಟೆ ಎಂದು ಸಾರುವವನಿಗೆ ಬಿಡುವ ಮನಸ್ಸಿರುವುದಿಲ್ಲ. ಯಾರಾದರೂ ಕೈ ಹಿಡಿದು ತಡೆಯಲಿ ಎಂಬ ಆಸೆ ಇರುತ್ತದೆ. ಆ ಯಾರಾದರೂ ಸಿಗಲಿ ಎಂದು, ಮೋಟರು ಮುಟ್ಟಿಸುವ ನೆಪದಲ್ಲಿ ನಾನು ಹಡಗಲಿಗೆ ಹೋದೆ. ಅಲ್ಲಿ ನನ್ನ ಶಾಲೆಯ ಗೆಳೆಯ ಬಸಣ್ಣ ಮಲ್ಲಿಗೆ ವ್ಯಾಪಾರ ಮಾಡುತ್ತಾನೆ.

"ಬಸಣ್ಣ, ನಾನು ಬರಿಯೋದು ಬಿಟ್ಟೆ" ಎಂದೆ, ದನಿ ಸ್ವಲ್ಪ ನಡುಗಿಸಿ.

ಅವನು ಹೂವು ತೂಗುವ ಕೈ ನಿಲ್ಲಿಸಲಿಲ್ಲ. "ಏನು ಬರೀತಿದ್ದಿಲೇ?"

"ಪುಸ್ತಕ ಮಾರಾಯ! ನಿನ್ನ ಮಗಳ ಮದುವಿಗೆ ತಂದಿದ್ನಲ್ಲ!"

"ಅದು ನೀನು ಬರ್ದಿದ್ದಾ? ಎಲ್ಲೋ ಅಗ್ಗದಾಗ ಸಿಕ್ಕೈತಿ, ತಂದಾನ ಅನ್ಕೊಂಡಿದ್ದೆ."

"ಹಿಂದ ನನ್ನ ಫೋಟೋ ಇತ್ತಲ್ಲಲೇ!"

"ನೋಡಿದ್ನಪ್ಪ," ಎಂದ ಬಸಣ್ಣ, "ಎಲ್ಲೋ ನೋಡಿದ ಮಾರಿ ಅನಿಸ್ತು."

ಅಲ್ಲಿಂದ ಕೊಟ್ಟೂರಿಗೆ ಹೋದೆ. ಪ್ರೆಸ್ಸಿನ ಮಾಲೀಕರು ನನ್ನ ಮಾತು ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಅಯ್ಯಯ್ಯೋ, ಹಂಗನಬ್ಯಾಡ್ರಿ ಸಾರ್! ನೀವು ಬಿಟ್ರ ಗತಿ ಏನ್ರಿ?" ಎಂದು ಕೈ ಹಿಡಿದುಕೊಂಡರು. ಅಂತೂ ಒಬ್ಬರು ಸಿಕ್ಕರಲ್ಲ ಎಂದು ನಾನು ಕುರ್ಚಿ ಎಳೆದುಕೊಂಡು ಕೂತೆ. ಮಿರ್ಚಿ ಮಂಡಕ್ಕಿ ತರಿಸಿದರು. "ಸಾಹಿತ್ಯಕ್ಕೆ ಅಷ್ಟೊಂದು ನಷ್ಟ ಆಗತತೇನ್ರಿ?" ಎಂದು ವಿನಯದಿಂದ ಕೇಳಿದೆ. "ಸಾಹಿತ್ಯದ ಮಾತು ಬಿಡ್ರಿ ಸಾರ್," ಎಂದರು ಅವರು, "ಈಗ ಲಗ್ನಪತ್ರಿಕಿ ಎಲ್ಲಾ ಫೋನಿನಾಗ ಕಳಸ್ತಾರ. ನೀವೂ ಕೈ ಬಿಟ್ರ ನಾನು ಬಾಗಿಲು ಹಾಕಬೇಕು." ನನ್ನ ಬರವಣಿಗೆಯಿಂದ ಒಂದು ಸಂಸಾರ ನಡೆಯುತ್ತಿರುವುದು ಅವತ್ತು ಗೊತ್ತಾಯಿತು. ಅದು ನನ್ನದಲ್ಲ, ಅಷ್ಟೇ.

ಹೀಗೆ ಬರೆಯದೆ ಹನ್ನೆರಡು ದಿನ ಕಳೆದೆ. ತಂತಿ ಸುತ್ತುವಾಗ ಎಣಿಕೆ ತಪ್ಪುತ್ತಿತ್ತು. ಹದಿಮೂರನೆಯ ದಿನ ಚಿಗಟೇರಿಯಿಂದ ಕೊಟ್ರಮ್ಮನ ದೊಡ್ಡವ್ವ ಬಂದಳು. ಶೇಂಗಾ ಕೀಳುವ ಕೆಲಸ ಬಿಟ್ಟು ಗೃಹಪ್ರವೇಶಕ್ಕೆ ಬರಲಾಗಿರಲಿಲ್ಲವಂತೆ, ಈಗ ಮುಯ್ಯಿಗೆ ಥಳಥಳ ಹೊಳೆಯುವ ಒಂದು ಸ್ಟೀಲಿನ ಕೊಡ ತಂದಿದ್ದಳು. ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವ, ನಿನ್ನ ಮಗನ ಮದುವಿಗೆ ನಾನು ಪುಸ್ತಕ ಕೊಟ್ಟಿದ್ದೆ. ಎಲ್ಲಾರೂ ಅದನ್ನಾ ತಂದ್ರು, ನೀನ್ಯಾಕ ತರಲಿಲ್ಲ?" ಎಂದೆ.

"ಅದನ್ಯಾಕ ತರ್ಲಿ ಅಳಿಯಪ್ಪ? ಮಧ್ಯಾಹ್ನ ಶೇಂಗಾ ಬಿಡಸಾಕ ಕುಂತಾಗ ನಮ್ಮ ಸೊಸಿ ಓದತಾಳ. ನಾವು ಓಣಿ ಹೆಂಗಸ್ರೆಲ್ಲಾ ನಕ್ಕೊಂತ ಕೆಲಸ ಮಾಡ್ತೀವಿ. ಹೊತ್ತು ಹೋಗಿದ್ದಾ ತಿಳಿಯಂಗಿಲ್ಲ."

ನನ್ನ ಕಣ್ಣು ತುಂಬಿದವು. ಅವಳ ಕಾಲಿಗೆ ಬೀಳುವುದೊಂದು ಬಾಕಿ. "ನಾನು ಬರ್ದಿದ್ರಾಗ ಯಾವುದು ಹಿಡಿಸ್ತು ದೊಡ್ಡವ್ವ?"

"ನಿನ್ನ ಮಾತು ಬಂದ್ರ ಹಾಳಿ ತಿರುವು ಅಂತೀವಿ. ನಮ್ಮ ಕೊಟ್ರಮ್ಮ ಬಯ್ಯೋದು ಬಂತಂದ್ರ ಎರಡೆರಡು ಸಲ ಓದಸ್ತೀವಿ. 'ಊರಾಗಿನ ಮೋಟರೆಲ್ಲಾ ತಿರುಗಿಸಿಕೊಡ್ತೀರಿ, ನಮ್ಮನಿ ಫ್ಯಾನು ಕೋಲಿಲೆ ತಿರುಗಿಸಬೇಕು' ಅಂದಾಳಲ್ಲ, ನಕ್ಕು ನಕ್ಕು ಹೊಟ್ಟಿ ಹುಣ್ಣಾತು!"

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಕೊಟ್ರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನ ಪುಸ್ತಕವನ್ನು ಅವಳು ಇಲ್ಲಿಯವರೆಗೆ ಗುಡಿಸುವಾಗ ಸರಿಸಿದ್ದೇ ಹೊರತು ತೆರೆದು ನೋಡಿದವಳಲ್ಲ. "ಏನು? ನಾನಂದಿದ್ದೆಲ್ಲಾ ಪುಸ್ತಕದಾಗ ಹಾಕೀರಾ?" ಎಂದವಳು ಒಂದನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಕೂತಳು. ಸಂಜೆಯವರೆಗೂ ಏಳಲಿಲ್ಲ. ಒಂದು ಸಲವೂ ನಗಲಿಲ್ಲ. ರೊಟ್ಟಿಯನ್ನು ದೊಡ್ಡವ್ವನೇ ಬಡಿದಳು. ಕೊನೆಗೆ ಕೊಟ್ರಮ್ಮ ಪುಸ್ತಕ ಮುಚ್ಚಿ, ತಪ್ಪು ಸಿಕ್ಕ ಮೇಷ್ಟ್ರ ಹಾಗೆ ನನ್ನನ್ನು ನೋಡಿದಳು.

"ಎಂಟು ಕಡಿ ಬರ್ದೀರಿ, 'ನಾನು ಹೀಗೆಂದಾಗ ಅವಳು ನಿರುತ್ತರಳಾದಳು' ಅಂತ. ಇಷ್ಟು ವರ್ಷ ಸಂಸಾರ ಮಾಡೀನಿ, ಯಾವತ್ತಾರ ಒಂದಿನ ನಾನು ನಿರುತ್ತರ ಆಗೀನೇನ್ರಿ? ಸುಮ್ನ ಹೇಳ್ರಿ!"

ಪುಸ್ತಕ ಇಸಿದುಕೊಳ್ಳಲು ನಾನು ಕೈ ಚಾಚಿದೆ, ಅವಳು ಕೊಡಲಿಲ್ಲ.

"ಚಿಗಟೇರಿ ಓಣಿಯೆಲ್ಲಾ ಇದನ್ನ ನಿಜಾ ಅಂತ ನಂಬೈತಿ. ನನ್ನ ಮಾನ ಏನಾತು? ನಾಳಿಂದ ಕುಂದ್ರಿ. ಆವತ್ತು ನಾನು ಏನಂದಿದ್ದೆ ಅಂತ ಹೇಳ್ತೀನಿ, ಹೇಳಿದಂಗ ಬರೀರಿ, ಇನ್ನೊಂದು ಪುಸ್ತಕ ಆಗ್ಲಿ."

"ನಾನು ಬಿಟ್ಟೀನಲ್ಲ ಕೊಟ್ರಮ್ಮ. ಇದರಾಗ ದುಡ್ಡು ಹುಟ್ಟಂಗಿಲ್ಲ."

"ದುಡ್ಡು ಮೋಟರಿನಾಗ ಬರ್ತತಿ. ಮಾನ ಮೋಟರಿನಾಗ ಬರ್ತತೇನು? ಬಿಡಾಕ ನಿಮ್ಮನ್ನ ಕೇಳಿದೋರು ಯಾರು?"

ಹೀಗಾಗಿ ನಾನು ಮತ್ತೆ ಬರೆಯುತ್ತಿದ್ದೇನೆ. ಮಿಕ್ಸರನ್ನು ಪಕ್ಕಕ್ಕೆ ಸರಿಸಿ ಅರ್ಧ ಟೇಬಲ್ಲು ಬಿಟ್ಟುಕೊಟ್ಟಿದ್ದಾಳೆ. ಅವಳು ಒಗ್ಗರಣೆ ಹಾಕುತ್ತಾ ಹೇಳುತ್ತಾಳೆ, ನಾನು ಕೆಮ್ಮುತ್ತಾ ಬರೆದುಕೊಳ್ಳುತ್ತೇನೆ. ಹಳೆಯ ಜಗಳಗಳೆಲ್ಲ ಅವಳಿಗೆ ದಿನ, ವಾರ, ಆವತ್ತು ಮಾಡಿದ್ದ ಪಲ್ಯದ ಸಮೇತ ನೆನಪಿವೆ. ನನ್ನ ಮಾತುಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬಂದು, ಈಗ ಹೆಚ್ಚಿನ ಪ್ರಬಂಧಗಳಲ್ಲಿ ನಾನು "ಹೂಂ" ಎನ್ನುವುದಕ್ಕೆ ಮಾತ್ರ ಬರುತ್ತೇನೆ. ಓದಿ ನೋಡಿದರೆ, ಹೊಟ್ಟೆಕಿಚ್ಚು ಪಟ್ಟುಕೊಂಡೇ ಒಪ್ಪಬೇಕು, ನಾನೊಬ್ಬನೇ ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿವೆ.

ಮೊನ್ನೆ ನ್ಯಾಯವಾಗಿ ನಡೆದುಕೊಳ್ಳೋಣ ಎನಿಸಿ ಕೇಳಿದೆ: "ಕೊಟ್ರಮ್ಮ, ಮಾತೆಲ್ಲಾ ನಿನ್ನವು. ಈ ಸಲ ಪುಸ್ತಕದ ಮ್ಯಾಲ ನಿನ್ನ ಹೆಸರಾ ಹಾಕಸೋಣೇನು?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಬ್ಯಾಡ, ನಿಮ್ಮ ಹೆಸರಾ ಇರ್ಲಿ. ಹೆಂಗೂ ಖರ್ಚಾಗಂಗಿಲ್ಲ, ನನ್ನ ಹೆಸರು ಯಾಕ ಕೆಡಸ್ಕೊಳ್ಲಿ?"