ಇಪ್ಪತ್ತೆಂಟು ಹಲ್ಲಿನ ಹಠ

ನರಿಮೊಗರಿನ ಕಡೆಯ ಒಬ್ಬ ಗಣಿತದ ಮಾಷ್ಟ್ರು ರೇಸಿನವರ ಹಗುರ ಕಾರ್ಬನ್ ಸೈಕಲ್ ಕೊಂಡರೆ ಊರಿಗೆ ನಗಲು ಬೇರೆ ಕಾರಣ ಬೇಡ. ನಾನು ಯಾರನ್ನೂ ನಗಿಸಲು ಹೊರಟವನಲ್ಲ. ಐವತ್ತೈದು ತುಂಬುವ ಮೊದಲು ಸಂಪಾಜೆ ಘಾಟಿಯನ್ನು ಕಾಲು ನೆಲಕ್ಕೆ ಊರದೆ ಹತ್ತುತ್ತೇನೆ, ಊರಿದರೆ ಸೈಕಲ್ ನಿಮಗೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಪಿ.ಟಿ. ಮಾಷ್ಟ್ರಿಗೆ ಹೇಳಿಬಿಟ್ಟಿದ್ದೆ. ಆಗ ಸೈಕಲ್ ಇನ್ನೂ ಕೊಂಡೇ ಇರಲಿಲ್ಲ.

೧. ಅನುಪಾತ

ಪುತ್ತೂರಿನ ಸೈಕಲ್ ಅಂಗಡಿಯವ ನನ್ನ ಹಳೆಯ ವಿದ್ಯಾರ್ಥಿ. ಗಲ್ಫಿನಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿ ಬಂದವ. ಫ್ರೇಮು ಆರಿಸಲು ಐದು ನಿಮಿಷ ಸಾಕಾಯಿತು, ನನ್ನ ಎತ್ತರಕ್ಕೆ ಹೊಂದುವುದು ಒಂದೇ ಇತ್ತು. ಜಗಳ ಬಂದದ್ದು ಗೇರಿನಲ್ಲಿ. ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲು ಹೆಚ್ಚಿದ್ದಷ್ಟೂ ಏರು ಹತ್ತುವುದು ಸುಲಭ. ಅವನು ಮೂವತ್ತನಾಲ್ಕು ಹಲ್ಲಿನದ್ದು ಹಾಕುವ ಎಂದ. ರೇಸಿನವರು ಇಪ್ಪತ್ತೆಂಟು ಹಾಕುತ್ತಾರೆಂದು ನಾನು ಎಲ್ಲೋ ಓದಿದ್ದೆ. ಕಾಗದ ತೆಗೆದು, ಅನುಪಾತ ಬರೆದು, ಇಪ್ಪತ್ತೆಂಟು ಧಾರಾಳ ಸಾಕು ಎಂದು ಸಾಧಿಸಿ ತೋರಿಸಿದೆ. ಅದನ್ನೇ ಹಾಕು ಎಂದು ಗದರಿಸಿಯೂ ಆಯಿತು. ಅವನು ಕಾಗದವನ್ನು ಬಹಳ ಗೌರವದಿಂದ ನೋಡಿದ.

“ಲೆಕ್ಕ ಸರಿಯೇ ಉಂಟು ಸರ್. ಇದರಲ್ಲಿ ನಿಮ್ಮ ಮೊಣಕಾಲು ಎಲ್ಲಿ ಬರ್ತದೆ?”

೨. ದೋಟಿ ಬಲ್ಲವರು

ನಮ್ಮ ಕಡೆ ಕಾರ್ಬನ್ ಎಂದರೆ ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಉದ್ದನೆಯ ದೋಟಿ. ಹಾಗಾಗಿ ಕುಂಬ್ರದಲ್ಲಿ ಚಾ ಕುಡಿಯಲು ನಿಂತರೆ ಅಲ್ಲಿರುವವರೆಲ್ಲ ಪರಿಣತರೇ. ಒಬ್ಬರು ಕೃಷಿಕರು ಎದ್ದು ಬಂದು ಸೈಕಲನ್ನು ಒಂದೇ ಕೈಯಲ್ಲಿ ಎತ್ತಿದರು. ಬೆರಳಗಂಟಿನಿಂದ ಕುಟ್ಟಿ, ಶಬ್ದ ಕೇಳಿ, ಬಿರುಕಿಲ್ಲ ಎಂದು ಸರ್ಟಿಫಿಕೇಟು ಕೊಟ್ಟರು. ಕರೆಂಟಿನ ತಂತಿಯ ಹತ್ತಿರ ಜಾಗ್ರತೆ ಎಂದೂ ಸೇರಿಸಿದರು. ಇದರಲ್ಲಿ ಎಂತ ಮಾಡುವ ಅಂದಾಜು ಎಂದು ಕೇಳಿದ್ದಕ್ಕೆ ಘಾಟಿ ಹತ್ತುವ ಆಸೆ ಹೇಳಿದೆ. ಅವರಿಗೆ ನಿಜಕ್ಕೂ ಬೇಸರವಾಯಿತು.

“ನಾವು ಕಾರ್ಬನ್ ತೆಗೊಂಡದ್ದೇ ಇನ್ನು ಹತ್ತುದು ಬೇಡ ಅಂತ ಮಾಷ್ಟ್ರೆ.”

೩. ಕಡಬದ ಅತ್ತೆ

ಅಭ್ಯಾಸವೂ ಆಯಿತು, ಮುಖ ತೋರಿಸಿದಂತೆಯೂ ಆಯಿತು ಎಂದು ಒಂದು ಭಾನುವಾರ ಕಡಬದಲ್ಲಿರುವ ಅತ್ತೆಯ ಮನೆಗೆ ತುಳಿದೆ. ಅತ್ತೆ ಬೆಲ್ಲ ನೀರು ಕೊಟ್ಟು, ಒಳಗೆ ಹೋಗಿ, ಮಗಳಿಗೆ ಫೋನು ಮಾಡಿ, ಕಾರು ಮಾರಿದಿರಾ ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದರೂ ನಂಬಿದಂತೆ ಕಾಣಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸುವ ಕ್ರಮ ಆ ಮನೆಯಲ್ಲಿಲ್ಲ, ಕಷ್ಟದಲ್ಲಿರುವ ಅಳಿಯನನ್ನಂತೂ ಇಲ್ಲವೇ ಇಲ್ಲ. ಏಳೂವರೆ ಕಿಲೋದ ಸೈಕಲ್ಲಿನಲ್ಲಿ ಬಂದವ ಬೆನ್ನಿಗೆ ಎಂಟು ಕಿಲೋದ ಹಲಸಿನ ಹಣ್ಣು ಕಟ್ಟಿಸಿಕೊಂಡು ಹೊರಟೆ. ಮೊದಲ ಏರಿನಲ್ಲೇ ಇಳಿದು ತಳ್ಳಬೇಕಾಯಿತು. ಇದು ಹಣ್ಣಿನ ತಪ್ಪು, ಗೇರಿನದ್ದಲ್ಲ ಎಂದು ಮನೆಯಲ್ಲಿ ಹೆಂಡತಿಗೆ ವಿವರಿಸಿದೆ. ಅವಳು ಸೊಳೆ ಬಿಡಿಸುತ್ತ ಕೂತಿದ್ದಳು.

“ಹಣ್ಣು ಲಾಯ್ಕ ಉಂಟು. ಮುಂದಿನ ವಾರವೂ ಅಭ್ಯಾಸ ಮಾಡಿ.”

೪. ಘಾಟಿ

ಐವತ್ತೈದು ತುಂಬಲು ಎರಡು ದಿನ ಇರುವಾಗ, ಬೆಳಿಗ್ಗೆ ಸುಳ್ಯದಿಂದ ಹೊರಟೆ. ಪಿ.ಟಿ. ಮಾಷ್ಟ್ರು ಸಾಕ್ಷಿಗೆಂದು ಸ್ಕೂಟರಿನಲ್ಲಿ ಹಿಂದೆ. ಕಲ್ಲುಗುಂಡಿಯವರೆಗೆ ಅವರೊಡನೆ ಮಾತಾಡುತ್ತಲೇ ಹೋದೆ. ಏರು ಸುರುವಾದ ಮೇಲೆ ನನ್ನ ಮಾತು ನಿಂತಿತು, ಅರ್ಧ ದಾರಿಯಲ್ಲಿ ಮೊಣಕಾಲು ಮಾತಾಡತೊಡಗಿತು. ಅವರು ಸ್ಕೂಟರನ್ನು ಹತ್ತಿರ ತಂದು, ನನ್ನ ಸೀಟು ತಮಗೆ ಎತ್ತರವಾದೀತೋ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಸೈಕಲ್ ಹೋಯಿತೆಂದೇ ತಿಳಿದೆ. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರೂ ಬಂತು. ಆದರೂ ಕೊನೆಯ ಗೇರಿನಲ್ಲಿ ಆಮೆಯ ಹಾಗೆ ತುಳಿಯುತ್ತ ತುಳಿಯುತ್ತ, ಕಾಲೂರದೆ ಮಡಿಕೇರಿ ಮುಟ್ಟಿದೆ. ಪಿ.ಟಿ. ಮಾಷ್ಟ್ರು ಕೈ ಕುಲುಕಿದರು, ಸ್ವಲ್ಪ ಬೇಜಾರಿನಿಂದಲೇ.

ಮರುದಿನ ಸೈಕಲನ್ನು ಅಂಗಡಿಗೆ ಒಯ್ದು, ಇಪ್ಪತ್ತೆಂಟು ಸಾಕೆಂದು ನಾನು ಅಂದೇ ಹೇಳಲಿಲ್ಲವೇ ಎಂದು ಎದೆಯುಬ್ಬಿಸಿ ನಿಂತೆ. ಅವನು ಚೈನಿಗೆ ಎಣ್ಣೆ ಬಿಡುತ್ತ, ಹಲ್ಲು ಒಮ್ಮೆ ಎಣಿಸಿ ಸರ್ ಎಂದ. ಎಣಿಸಿದೆ. ಮೂವತ್ತನಾಲ್ಕು ಇತ್ತು. ಉತ್ತರ ಬಂದ ಮೇಲೆ ತಾಳೆ ನೋಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವ, ಮೂರು ತಿಂಗಳಾದರೂ ಅದನ್ನು ಎಣಿಸಿರಲೇ ಇಲ್ಲ.

ಬೇಡವೆಂದರೂ ಆರು ಹಲ್ಲು ಹೆಚ್ಚು ಹಾಕಿದ್ದಲ್ಲದೆ ಒಂದು ಮಾತು ಹೇಳಲೂ ಇಲ್ಲವಲ್ಲ ಎಂದು ರೇಗಿದೆ. ಅವನು ಎಣ್ಣೆಯ ಡಬ್ಬಿ ಕೆಳಗಿಟ್ಟ.

“ಒಂಬತ್ತನೇ ಕ್ಲಾಸಿನ ಲೆಕ್ಕದಲ್ಲಿ ನನಗೆ ಬಂದದ್ದು ಇಪ್ಪತ್ತೊಂಬತ್ತು ಸರ್. ಆರು ಸೇರಿಸಿ ಪಾಸು ಮಾಡಿದ್ದು ನೀವು ನನಗೆ ಹೇಳಿದ್ದೀರಾ?”