ಸೊಪ್ಪಿನಮ್ಮನಿಗೆ ನೀಲಗಿರಿ

ಕೆಲವರಿಗೆ ಹುಟ್ಟಿನಿಂದ ಮಚ್ಚೆ ಬರುತ್ತದೆ, ಕೆಲವರಿಗೆ ಜಮೀನು ಬರುತ್ತದೆ. ನನಗೆ ಬಂದದ್ದು ಪುಕ್ಕಲುತನ. ಹೇಳಿಕೊಳ್ಳಲು ನಾಚಿಕೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ನಾಚಿಕೆ ಬರುವಷ್ಟರಲ್ಲಿ ಭಯ ಬಂದು ಜಾಗ ಹಿಡಿದು ಕೂತಿರುತ್ತದೆ. ಹಲ್ಲಿ ಲೊಚಗುಟ್ಟಿದರೆ ಭಯ, ಲೊಚಗುಟ್ಟದೆ ನನ್ನನ್ನೇ ನೋಡುತ್ತಿದ್ದರೆ ಇನ್ನೂ ಭಯ. ಮಧುಗಿರಿಯಲ್ಲಿ ನೌಕರಿಗೆ ಸೇರಿದ ಹೊಸದರಲ್ಲಿ ನನ್ನ ಜೊತೆಯವರೆಲ್ಲ ಭಾನುವಾರ ಬಂತೆಂದರೆ ಬೆಟ್ಟ ಹತ್ತಲು ಹೊರಡುತ್ತಿದ್ದರು. ನಾನು ಬುಡದಲ್ಲಿ ಕೂತು ಅವರ ಚಪ್ಪಲಿ ಕಾಯುತ್ತಿದ್ದೆ. ಅಲ್ಲೂ ನೆಮ್ಮದಿಯಿಲ್ಲ, ಅಷ್ಟು ದೊಡ್ಡ ಬಂಡೆ ಇವತ್ತೇ ಜಾರಲು ಮನಸ್ಸು ಮಾಡಿದರೆ ಏನು ಗತಿ ಎಂದು ಆಗಾಗ ಮೇಲೆ ನೋಡುತ್ತಿದ್ದೆ.

ಇಂಥ ನನಗೆ ಹೆಣ್ಣು ಕೊಟ್ಟದ್ದು ಕೊರಟಗೆರೆಯಿಂದಾಚೆ, ಜಯಮಂಗಲಿ ನದಿಯ ದಂಡೆಯ ಒಂದು ಹಳ್ಳಿಯವರು. ಹೆಣ್ಣು ನೋಡಲು ಹೋದ ದಿನ ನನ್ನ ಭಾವಿ ಮಾವ, "ನಮ್ ಕಡೆ ಕರಡಿ ಕಾಟ ಜಾಸ್ತಿ ಸ್ವಾಮಿ, ಓಡಾಡಕ್ಕೆ ನಿಮಗೆ ತೊಂದ್ರೆ ಆಗ್ಬೋದು" ಎಂದರು. ಬಾಯಿ ತುಂಬ ಕೇಸರಿಬಾತು ಇತ್ತು. ಯೋಚನೆ ಮಾಡಲು ಪುರುಸೊತ್ತಿಲ್ಲದೆ, "ಬರಲಿ ಬಿಡಿ, ನೋಡೋಣ" ಅಂದುಬಿಟ್ಟೆ. ಬಾಗಿಲ ಹಿಂದಿದ್ದ ರತ್ನ ಅದನ್ನು ಕೇಳಿಸಿಕೊಂಡು ಆ ಕ್ಷಣವೇ ಒಪ್ಪಿದಳಂತೆ. ಹೀಗೆ ನನ್ನ ದಾಂಪತ್ಯ ಒಂದು ಕರಡಿಯ ಮೇಲೆ ನಿಂತಿತ್ತು. ಆ ಕರಡಿಯನ್ನು ನಾನು ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ.

ಕರಡಿಗಿಂತ ದೊಡ್ಡ ಭಯವೊಂದು ಆಗ ಕಚೇರಿಯಲ್ಲಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಹಳ್ಳಿಗಳ ಗೋಮಾಳದಲ್ಲೆಲ್ಲ ನೀಲಗಿರಿ ಸಸಿ ನೆಡಿಸುತ್ತಿದ್ದ ಕಾಲ. ರತ್ನಳ ಊರಿನ ಹತ್ತಿರ, ಹೊಳೆದಂಡೆಯ ಕಾಡಿಗೆ ಅಂಟಿದ ಗೋಮಾಳಕ್ಕೂ ಸಸಿ ಬಂದವು. ಊರವರು ಒಂದು ದಿನ ತಮಟೆ ಬಡಿಸಿಕೊಂಡು ಹೋಗಿ ಅಷ್ಟನ್ನೂ ಕಿತ್ತು, ಅದೇ ಗುಂಡಿಗಳಿಗೆ ಹುಣಸೆ, ಹೊಂಗೆ ಬೀಜ ಹಾಕಿ ಬಂದರು. ಪೊಲೀಸ್ ವ್ಯಾನು ಬಂತು, ಕೇಸಾಯಿತು. ಅರಣ್ಯ ಇಲಾಖೆಯವರು ಪಟ್ಟು ಬಿಡದೆ ಎರಡನೆಯ ಸಲ ಸಸಿ ನೆಟ್ಟು ಕಾವಲಿಗೆ ಗಾರ್ಡನ್ನು ಹಾಕಿದರು. ಆ ಕೇಸುಗಳ ಕಾಗದಗಳು ಸುತ್ತಲಿನ ನಾಲ್ಕು ತಾಲ್ಲೂಕಿನಿಂದಲೂ ನಮ್ಮ ಉಪವಿಭಾಗದ ಕಚೇರಿಗೇ ಬರುತ್ತಿದ್ದವು. ನಮ್ಮ ಹೆಡ್ ಗುಮಾಸ್ತರು ನನ್ನನ್ನು ಕರೆದು, "ನೋಡ್ರಿ, ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಆ ಗಲಾಟೆ ಇರೋ ದಿಕ್ಕಿಗೆ ತಲೆ ಹಾಕಿ ಮಲಗಲೂ ಬೇಡಿ" ಎಂದಿದ್ದರು. ನಾನು ಅಂದು ರಾತ್ರಿಯೇ ಹಾಸಿಗೆ ತಿರುಗಿಸಿ ಹಾಸಿಕೊಂಡೆ.

ಮದುವೆಯಾದ ಮೂರನೇ ತಿಂಗಳು ಮಾವನ ಮನೆಗೆ ಹೋಗಿದ್ದಾಗ, ಭಾನುವಾರ ಬೆಳಿಗ್ಗೆ ರತ್ನ ಮಾವನ ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿದಳು. "ನಡೀರಿ, ನಮ್ ಕಾಡು ನೋಡ್ಕೊಂಡು ಬರಾಣ" ಎಂದಳು. ನಾನು ಗಾಳಿ ಕಡಿಮೆಯಿದೆ ಎಂದೆ. ಅವಳೇ ಪಂಪು ಹೊಡೆದಳು. ಬಿಸಿಲು ಎಂದೆ, ಟವಲು ತಂದುಕೊಟ್ಟಳು. ಕೊನೆಗೆ ಮಾವನ ಕಡೆ ನೋಡಿದೆ, ಅವರಾದರೂ ಬೇಡವೆನ್ನುತ್ತಾರೇನೋ ಎಂದು. ಅವರು, "ಓಗ್ಬನ್ನಿ ಅಳಿಯಂದ್ರೇ. ಬೆಲ್ಲು ಒಡ್ಕೊಂಡು ಓಗಿ, ಕರಡಿ ಇದ್ರೆ ಪಕ್ಕಕ್ಕೆ ಓಯ್ತದೆ" ಎಂದರು. 'ಹೋಗದಿದ್ದರೆ?' ಎಂದು ಕೇಳಬೇಕೆನಿಸಿತು. ಆದರೆ ಕೇಸರಿಬಾತಿನ ಮಾತು ನೆನಪಾಗಿ ಸುಮ್ಮನೆ ಸೈಕಲ್ ಹತ್ತಿದೆ. ರತ್ನ ಕ್ಯಾರಿಯರ್ ಮೇಲೆ ಕೂತಳು.

ಊರು ಬಿಟ್ಟಾಗಿನಿಂದ ನನ್ನ ಹೆಬ್ಬೆರಳು ಬೆಲ್ಲಿನಿಂದ ಏಳಲಿಲ್ಲ. ರತ್ನ ಮಾತ್ರ ಹಿಂದೆ ಕೂತು, ತಿರುಪತಿ ತೋರಿಸುವವರ ಹಾಗೆ ಒಂದೊಂದನ್ನೇ ತೋರಿಸುತ್ತ ಬಂದಳು. ಹೊಳೆಯಲ್ಲಿ ನೀರು ಒಂದು ಪಂಚೆಯ ಅಗಲ ಹರಿಯುತ್ತಿತ್ತು, ಉಳಿದದ್ದೆಲ್ಲ ಮರಳು. ದಂಡೆಯ ಮೇಲೆ ಮತ್ತಿ, ಹೊಂಗೆ, ಅದರಾಚೆ ಕಾಡು. ಚೆನ್ನಾಗಿತ್ತು ಎಂದು ಆಮೇಲೆ ನೆನೆಸಿಕೊಂಡಾಗ ತಿಳಿಯಿತು. ಆ ಹೊತ್ತಿನಲ್ಲಿ ನನಗೆ ಪ್ರತಿ ಪೊದೆಯಲ್ಲೂ ಎರಡು ಕಣ್ಣು ಕಾಣುತ್ತಿದ್ದವು.

"ಇಲ್ಲೇ ಕಣ್ರೀ ಪೊಲೀಸ್ ವ್ಯಾನು ನಿಂತಿದ್ದು. ಅಗೋ, ಆ ಬಂಡೆ ಮ್ಯಾಲೆ ನಮ್ಮಪ್ಪ ನಿಂತ್ಕೊಂಡು ಭಾಷಣ ಮಾಡಿದ್ದು."

"ನಿಮ್ಮಪ್ಪನಾ?"

"ಊ. ನಾನೂ ಹನ್ನೆರಡು ಗಿಡ ಕಿತ್ತಿದ್ದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ನೀಲಗಿರೀನ ಆಡೂ ಮುಟ್ಟಾಕಿಲ್ಲ. ಇನ್ನ ದನ ಏನ್ ತಿಂದಾವು?"

ಸೈಕಲ್ ಒಮ್ಮೆ ಓಲಾಡಿತು. ಪ್ರೊಬೇಷನ್ನಿನಲ್ಲಿರುವ ಸರ್ಕಾರಿ ನೌಕರನ ಧರ್ಮಪತ್ನಿ ಹನ್ನೆರಡು ಗಿಡ ಕಿತ್ತವಳು! ಮುಂದೆ ಕರಡಿ, ಹಿಂದೆ ಕ್ಯಾರಿಯರ್ ಮೇಲೆ ಆಪಾದಿತೆ. ನಡುವೆ ನಾನು, ಬೆಲ್ಲು ಹೊಡೆಯುತ್ತ.

ಗೋಮಾಳ ಮುಗಿದು ಕಾಡು ಶುರುವಾಗುವಲ್ಲಿ, ದಾರಿಯ ಪಕ್ಕ ಒಂದು ಮೊಳಕಾಲೆತ್ತರದ ಕಲ್ಲು, ಅದರ ಮೇಲೆ ಒಣಗಿದ್ದೂ ಹಸಿಯದೂ ಸೇರಿದ ಸೊಪ್ಪಿನ ಗುಡ್ಡೆ. ರತ್ನ ಇಳಿದಳು. "ಸೊಪ್ಪಿನಮ್ಮ. ಕಾಡಿನ ಒಳಗೆ ಕಾಲಿಡೋರು ಅವರವರ ಕೈಯ್ಯಾರೆ ಒಂದು ಹಸಿ ಸೊಪ್ಪು ಮುರ್ದು ಹಾಕ್ಬೇಕು. ಹಾಕಿದ್ರೆ ಹುಲಿ ಕರಡಿ ಏನೂ ಮಾಡಾಕಿಲ್ಲ" ಎಂದು ಹೊಂಗೆಯ ಕುಡಿಯೊಂದನ್ನು ಮುರಿದು ಹಾಕಿ ಕೈಮುಗಿದಳು. ಕಾಯಿ ಬೇಡ, ಕರ್ಪೂರ ಬೇಡ, ಪೂಜಾರಿ ಬೇಡ. ಇಷ್ಟು ಸುಲಭದಲ್ಲಿ ಕರಡಿಯಿಂದ ಪಾರುಮಾಡುವ ದೇವರು ಇದೆಯೆಂದು ಗೊತ್ತಿದ್ದರೆ ನಾನು ಬೆಲ್ಲಿಗೆ ಅಷ್ಟು ಕಷ್ಟ ಕೊಡುತ್ತಿರಲಿಲ್ಲ.

ಸೊಪ್ಪು ಮುರಿಯಲು ದಾರಿ ಬಿಟ್ಟು ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಎದುರಿನ ಲಂಟಾನ ಪೊದೆ ಸರಸರ ಎಂದಿತು. ಪೊದೆಯ ಸಂದಿನಲ್ಲಿ ಕರ್ರಗೆ ಏನೋ ಬೆನ್ನು ಬಗ್ಗಿಸಿಕೊಂಡಿತ್ತು. ಮುಗಿಯಿತು ಎಂದುಕೊಂಡೆ. ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಹಿಡಿದು, ಮೈಯ ಬಲವನ್ನೆಲ್ಲ ಹಾಕಿ ಎಳೆದು, "ಅಮ್ಮಾ ತಾಯೀ!" ಎಂದು ಕಲ್ಲಿನ ಮೇಲೆ ಎಸೆದೆ. ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ಕಣ್ಣು ಬಿಟ್ಟರೆ, ಸೊಪ್ಪಿನಮ್ಮನ ನೆತ್ತಿಯ ಮೇಲೆ ಬೇರು, ಮಣ್ಣು ಸಮೇತ ಒಂದು ನೀಲಗಿರಿ ಸಸಿ.

"ಅಯ್ಯಯ್ಯೋ, ಬುಡ ಸಮೇತ ಕಿತ್ಬುಟ್ರಲ್ಲಾ!" ಎಂದು ರತ್ನ ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಪೊದೆಯಿಂದ ಕರಡಿ ಹೊರಬಂತು. ಕರಿ ಕಂಬಳಿ ಹೊದ್ದ ಮುದುಕ, ಕೈಯಲ್ಲಿ ಕೋಲು. ಪಕ್ಕದ ಹಟ್ಟಿಯ ಕುರಿ ಕಾಯುವ ಚಿತ್ತಯ್ಯನಂತೆ. ರತ್ನಳಿಗೆ ಚಿಕ್ಕಂದಿನಿಂದ ಗೊತ್ತು. ಅವನು ಸಸಿಯನ್ನು ನೋಡಿದ, ನನ್ನ ಪ್ಯಾಂಟು ನೋಡಿದ, ಮುಖವೆಲ್ಲ ಅರಳಿತು. "ಯಾರ್ ಕೂಸೇ ಇವ್ರು, ನಿಮ್ಮೆಜಮಾನ್ರಾ? ಭೇಷ್! ಪ್ಯಾಂಟ್ನೋರೂ ನಮ್ ಕಡೆ ಬಂದ್ಬುಟ್ರಲ್ಲ!" ಎಂದ. ನಾನು ಸಸಿಯನ್ನು ತೆಗೆದು ಮತ್ತೆ ಗುಂಡಿಯಲ್ಲಿ ಊರಲು ಬಗ್ಗಿದೆ. ಇಬ್ಬರೂ ಒಟ್ಟಿಗೆ ಕೂಗಿಕೊಂಡರು. ಅಮ್ಮನಿಗೆ ಹಾಕಿದ್ದನ್ನು ತೆಗೆಯುವಂತಿಲ್ಲ. ತೆಗೆದವನ ಕೈ ಬಿದ್ದುಹೋಗುತ್ತದಂತೆ. ನೌಕರಿ ಹೋಗುವುದೋ ಕೈ ಹೋಗುವುದೋ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಸೀಟಿಯ ಸದ್ದು ಕೇಳಿಸಿತು.

ಗಾರ್ಡು ಪಾವಗಡದ ಕಡೆಯ ತೆಲುಗು ಮಾತಿನವನು, ಬಂದು ಎಂಟು ದಿನವಾಗಿತ್ತಷ್ಟೆ. ಬಂದವನೇ ಕಲ್ಲಿನ ಮೇಲಿನ ಸಸಿ ನೋಡಿ, "ಏಮಯ್ಯಾ, ಎವರಿ ಪನಿ ಇದಿ? ಯಾರು ಕಿತ್ತಿದ್ದು?" ಎಂದ. ಸಾಕ್ಷಿಗೆಂದು ಸಸಿಯತ್ತ ಕೈ ಚಾಚಿದವನು, ಅದು ಎಲ್ಲಿದೆಯೆಂದು ಅರಿವಾಗಿ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ. ಟೋಪಿ ತೆಗೆದು ತಾನೂ ಒಂದು ಸೊಪ್ಪು ಮುರಿದು ಹಾಕಿ, ಆಮೇಲೆ ಪುಸ್ತಕ ತೆಗೆದ. ನನ್ನ ಎರಡೂ ಕೈ ಘಮಘಮ ಎನ್ನುತ್ತಿದ್ದವು. ಜೇಬಿನೊಳಗೆ ಇಳಿಸಿದೆ.

"ಸಾರ್, ನೀವು ನೋಡಿದ್ರಾ?"

ರತ್ನ ನನ್ನ ಮುಖ ನೋಡಿದಳು. ನಗು ನಿಂತಿತ್ತು. 'ನಾನೇ' ಎಂಬ ಎರಡು ಅಕ್ಷರ. ಗಂಟಲವರೆಗೆ ಬಂದವು, ಅಲ್ಲಿ ಹೆಡ್ ಗುಮಾಸ್ತರು ಕೂತಿದ್ದರು. "ನಾವು... ಈಗ ತಾನೇ ಬಂದ್ವಿ" ಎಂದೆ.

"ಅವ್ರನ್ ಯಾಕಪ್ಪ ಕೇಳೀಯೆ? ನಾನೇ ಕಿತ್ತೋನು. ಬರ್ಕೋ, ಚಿತ್ತಯ್ಯ" ಎಂದ ಮುದುಕ, ಊಟಕ್ಕೆ ಎಲೆ ಹಾಕಿಸಿಕೊಳ್ಳುವಷ್ಟು ಸಲೀಸಾಗಿ. ಗಾರ್ಡು ಬರೆದುಕೊಂಡು, "ತಮ್ಮ ಹೆಸರು ಸಾರ್?" ಎಂದು ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಸೈಕಲ್ ಮೇಲಿದ್ದೆ.

ರತ್ನ ಓಡಿಬಂದು ಕ್ಯಾರಿಯರ್ ಮೇಲೆ ಕೂತಳು. ಊರು ಹತ್ತಿರವಾದಾಗ ರತ್ನ, "ಹೋದ್ಸಲ ಚಿತ್ತಯ್ಯನ್ನ ಎರಡು ದಿನ ಒಳಗಿಟ್ಟಿದ್ರು. ಇದು ಎರಡ್ನೇ ಸಲ. ಈ ಸಲ ಎಷ್ಟು ದಿನವೋ. ಆ ಕುರೀನೆಲ್ಲ ಯಾರು ಕಾಯ್ತಾರೆ?" ಎಂದಳು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಜೀವನದಲ್ಲಿ ಮೊದಲ ಸಲ, ನನಗೆ ಯಾವುದರ ಭಯವೂ ಇಲ್ಲದೆ ಬರೀ ನಾಚಿಕೆಯಾಯಿತು.

ಕಚೇರಿಗೆ ಹೋದರೆ ಹೆಡ್ ಗುಮಾಸ್ತರು ಮೂಗರಳಿಸಿ, "ಏನ್ರಿ, ನೆಗಡಿಯಾ?" ಎಂದರು. ಮೂರು ಸಲ ಸೋಪು ಹಚ್ಚಿದ್ದರೂ ಹಾಳು ವಾಸನೆ ಹೋಗಿರಲಿಲ್ಲ. ಹತ್ತು ದಿನಕ್ಕೆ ಆ ಗಾರ್ಡಿನ ವರದಿಯೇ ನನ್ನ ಮೇಜಿಗೆ ಬಂತು: 'ಚಿತ್ತಯ್ಯ ಎಂಬಾತನು ಒಂದು ನೀಲಗಿರಿ ಸಸಿಯನ್ನು ಬೇರು ಸಹಿತ ಕಿತ್ತಿದ್ದು, ವಾಸಸ್ಥಳ ದೃಢಪಡಿಸುವುದು.' ನಾನು ದೃಢಪಡಿಸಿದರೆ ಮುದುಕನನ್ನು ಒಯ್ಯುತ್ತಾರೆ. ಸತ್ಯ ಬರೆದರೆ ನಾನು ಮನೆಗೆ. ಆಗ ನನಗೆ ನಮ್ಮ ಕಚೇರಿಯ ಸಂಪ್ರದಾಯ ನೆನಪಿಗೆ ಬಂತು. ಅಲ್ಲಿ ಯಾರೂ ಯಾವ ಕೆಲಸವನ್ನೂ ಇಲ್ಲವೆನ್ನುವುದಿಲ್ಲ. ಒಂದು ಪ್ರಶ್ನೆ ಕೇಳುತ್ತಾರೆ. ಹಟ್ಟಿಯ ಮತದಾರರ ಪಟ್ಟಿ ತೆಗೆಸಿ ನೋಡಿದೆ. ಮನೆದೇವರ ಹೆಸರನ್ನೇ ಮಕ್ಕಳಿಗೂ ಇಡುವ ಜನ. ಏಳು ಮಂದಿ ಚಿತ್ತಯ್ಯ! ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ: 'ಸದರಿ ಹೆಸರಿನವರು ಏಳು ಜನರಿದ್ದು, ಯಾರೆಂಬುದನ್ನು ಸ್ಪಷ್ಟಪಡಿಸುವುದು.' ಹೆಡ್ ಗುಮಾಸ್ತರು ಓದದೆ ರುಜು ಹಾಕಿದರು. ಕಾಗದ ಹೊರಟಿತು.

ಮುಂದಿನ ತಿಂಗಳು ಧೈರ್ಯ ಮಾಡಿ, ಅಂದರೆ ರತ್ನಳೊಡನೆ, ಚಿತ್ತಯ್ಯನನ್ನು ನೋಡಲು ಹೋದೆ. ತಪ್ಪಾಯಿತು ಎಂದು ಕೈಮುಗಿದೆ. ಮುದುಕ ಬೊಚ್ಚುಬಾಯಿ ತುಂಬ ನಕ್ಕ. "ಅಯ್ಯೋ ಬುಡಿ ಸ್ವಾಮಿ. ಅವತ್ತು ಆ ಪೊದೆ ಹಿಂದ್ಕೆ ಕುಂತ್ಕೊಂಡು ಏನ್ ಮಾಡ್ತಿದ್ದೆ ಅಂದ್ಕೊಂಡ್ರಿ? ಮೂವತ್ತು ಗಿಡ ಕಿತ್ತಿದ್ದೆ. ನೀವು ಬೆಲ್ ಒಡ್ಕೊಂಡ್ ಬರ್ದೆ ಇದ್ದಿದ್ರೆ ಗಾರ್ಡು ಈ ಕಡೆ ತಲೆ ಹಾಕ್ತಿರ್ಲಿಲ್ಲ, ಇನ್ನೊಂದಿಪ್ಪತ್ತು ಕೀಳ್ತಿದ್ದೆ. ಮೂವತ್ತಕ್ಕೆ ನಿಮ್ದೊಂದು ಯಾವ್ ಭಾರ?" ಎಂದ. ತಿಂಗಳಿಡೀ ನಾನು ನಿದ್ದೆಗೆಟ್ಟು ಹೊತ್ತಿದ್ದ ಪಾಪವನ್ನು ಆತ ಹುಣಸೆಬೀಜದ ಹಾಗೆ ಉಗುಳಿಬಿಟ್ಟ. ಸಮಾಧಾನವಾಯಿತು. ಒಳಗೊಳಗೇ ಸ್ವಲ್ಪ ಬೇಜಾರೂ ಆಯಿತು.

ಆದರೆ ಭಯ ಅಷ್ಟಕ್ಕೇ ಬಿಡಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಬಂತು. 'ಆರೋಪಿಯು ಕಂಬಳಿ ಹೊದ್ದಿದ್ದು ಮುಖ ಸ್ಪಷ್ಟವಾಗಿ ಕಂಡಿರುವುದಿಲ್ಲ. ಸ್ಥಳದಲ್ಲಿ ಪ್ಯಾಂಟು ಧರಿಸಿದ, ಸೈಕಲ್ ಸಹಿತ ಒಬ್ಬ ಗೃಹಸ್ಥರು ಹಾಜರಿದ್ದರು. ಅವರು ಆರೋಪಿಯನ್ನು ಗುರುತಿಸಬಲ್ಲರಾದ್ದರಿಂದ ಸದರಿ ಗೃಹಸ್ಥರನ್ನು ಪತ್ತೆಹಚ್ಚಿ ತಿಳಿಸುವುದು.' ಹೆಡ್ ಗುಮಾಸ್ತರು ಕಾಗದವನ್ನು ನನ್ನ ಕಡೆ ತಳ್ಳಿ, "ನಿಮ್ಮ ಮಾವನ ಊರಿನ ಕಡೆಯದಲ್ವೇನ್ರಿ? ಹುಡುಕಿ" ಎಂದರು. ನಾನು ಎಂಟು ದಿನ ಹುಡುಕಿದಂತೆ ಕೂತಿದ್ದು, ಒಂಬತ್ತನೆಯ ದಿನ ಬರೆದೆ: 'ಸದರಿ ಗೃಹಸ್ಥರು ಪತ್ತೆಯಾಗಿರುವುದಿಲ್ಲ.' ಫೈಲು ಅಲ್ಲಿಗೆ ಮುಚ್ಚಿತು.

ರತ್ನಳಿಗೆ ಹೇಳಿದಾಗ ಅವಳು ಬಹಳ ನಕ್ಕಳು. ಆಮೇಲೆ, "ಸರ್ಕಾರಕ್ಕೇ ಸುಳ್ಳು ಬರೆದ್ರಲ್ಲ, ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದಳು. ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಅದು ಸುಳ್ಳಲ್ಲ. ಅವತ್ತು ಸೊಪ್ಪಿನಮ್ಮನ ಎದುರಿಗೆ ನಿಂತು 'ನಾನೇ' ಎನ್ನಬೇಕಾಗಿದ್ದ ಆ ಗೃಹಸ್ಥನನ್ನು ನಾನೂ ಅಂದಿನಿಂದ ಹುಡುಕುತ್ತಲೇ ಇದ್ದೇನೆ. ಇನ್ನೂ ಪತ್ತೆಯಾಗಿಲ್ಲ.