ಹುಳು ಮನೆಯಲ್ಲಿ ಹೋವರ್‌ಬೋರ್ಡ್

ನನ್ನಷ್ಟು ಎಚ್ಚರದ ತಾಯಿ ಬೈರಾಪಟ್ಟಣದಲ್ಲೇ ಇಲ್ಲ ಎಂದು ನಾನು ನಂಬಿದ್ದೆ. ಮಗಳು ಸಿಂಚನ ಒಮ್ಮೆ ಕೆಮ್ಮಿದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅಂಥವಳ ಮನೆಗೆ, ಸಿಂಚನಳಿಗೆ ಹನ್ನೆರಡು ತುಂಬಿತೆಂದು, ರಾಮನಗರದಿಂದ ನನ್ನ ತಮ್ಮ ಬ್ಯಾಟರಿಯಲ್ಲಿ ಓಡುವ ಒಂದು ಹೋವರ್‌ಬೋರ್ಡ್ ತಂದಿಟ್ಟು ಹೋದ. ಎರಡು ಚಕ್ರ, ನಡುವೆ ನಿಲ್ಲಲು ಜಾಗ. ಹಿಡಿದುಕೊಳ್ಳಲು ಮಾತ್ರ ಏನೂ ಇಲ್ಲ!

"ರೋಡಲ್ಲಿ ಬ್ಯಾಡ. ಟ್ರ್ಯಾಕ್ಟ್ರು ಬತ್ತವೆ, ನಾಯಿ ಅಟ್ಟುಸ್ಕೊಂಡ್ ಬತ್ತವೆ," ಎಂದೆ.

"ಇನ್ನೆಲ್ಲಿ ಬುಡ್ಲಮ್ಮ, ಅಟ್ಟದ ಮೇಲಾ?" ಎಂದಳು ಸಿಂಚನ.

ಆಗ ಹೊಳೆಯಿತು, ಹುಳು ಮನೆ! ನಾವು ರೇಷ್ಮೆ ಹುಳು ಸಾಕುವವರು. ಗೂಡು ಮಾರಿ ವಾರವಾಗಿತ್ತು. ಮನೆ ತೊಳೆದು, ನೆಲಕ್ಕೆ ಸುಣ್ಣದ ಪುಡಿ ಎರಚಿ, ಮುಂದಿನ ಬೆಳೆಗೆ ಸಜ್ಜು ಮಾಡಿದ್ದೆವು. ನುಣ್ಣನೆಯ ಸಿಮೆಂಟು ನೆಲ. ನಾಯಿಯಿಲ್ಲ, ಟ್ರ್ಯಾಕ್ಟರಿಲ್ಲ. ಇಷ್ಟು ಸುರಕ್ಷಿತ ಸ್ಥಳ ಇಡೀ ಜಿಲ್ಲೆಯಲ್ಲೇ ಇಲ್ಲವೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸಭೆಯಲ್ಲಿದ್ದವಳು ನಾನೊಬ್ಬಳೇ.

ಮಗಳ ತಲೆಗೆ ಅವರಪ್ಪನ ಹೆಲ್ಮೆಟ್ಟು ಹಾಕಿದೆ. ಮಂಡಿಗೆ ದಿಂಬು, ಸೊಂಟಕ್ಕೆ ಕಂಬಳಿ ಕಟ್ಟಿದೆ. ಆಮೇಲೆ ಬಾಗಿಲಲ್ಲಿ ನಾನೂ ಚಪ್ಪಲಿ ಬಿಟ್ಟು, ಅವಳ ಶೂ ಬಿಚ್ಚಿಸಿದೆ.

"ಅಮ್ಮ, ಶೂ ಹಾಕ್ಕೊಂಡೇ ಹತ್ಬೇಕು ಅಂತ ಮಾವ ಹೇಳವ್ರೆ!"

"ಹುಳು ಮನೆಗೆ ಶೂ ಹಾಕಂಗಿಲ್ಲ. ಹುಳಕ್ಕೆ ರೋಗ ಬತ್ತದೆ. ಬಿಚ್ಚು."

ಸುಣ್ಣ ಮೆತ್ತಿದ ಬರಿಗಾಲಲ್ಲೇ ಹತ್ತಿದಳು. ನಾಲ್ಕು ಮಾರು ಹೋದಳು. ನನಗೆ ಜೀವ ಬಾಯಿಗೆ ಬಂತು. "ನಿಧಾನಾ!" ಎಂದು ಕಿರುಚಿದೆ. ಬೆಚ್ಚಿ ನನ್ನತ್ತ ತಿರುಗಿದಳು. ಕಾಲು ಜಾರಿತು. ತಲೆ, ಮಂಡಿ, ಸೊಂಟ ಎಲ್ಲಕ್ಕೂ ನಾನು ಬಂದೋಬಸ್ತು ಮಾಡಿದ್ದೆ. ಅವಳು ಊರಿದ್ದು ಅಂಗೈ!

ಲಟಕ್ ಎಂದಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮಣಿಕಟ್ಟು ಸೊಟ್ಟಗಾಗಿತ್ತು. ಬರೆಯುವ, ಉಣ್ಣುವ ಬಲಗೈ.

ಹಿಪ್ಪುನೇರಳೆ ತೋಟದಲ್ಲಿದ್ದ ಯಜಮಾನರು ಕೂಗು ಕೇಳಿ ಓಡಿ ಬಂದರು. "ಏನಾಯ್ತಮ್ಮಿ?"

ಮಗಳು ನೆಲದ ಮೇಲೆ ನರಳುತ್ತಿದ್ದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು ಇದು: "ರೀ, ಚಪ್ಪಲಿ ಬುಟ್ಟು ಬನ್ರೀ!"

ಬಿಟ್ಟೇ ಬಂದರು, ಪಾಪ.

ಪಕ್ಕದ ಮನೆಯವರ ಆಟೋದಲ್ಲಿ ಚನ್ನಪಟ್ಟಣಕ್ಕೆ ಹೊರಟೆವು. ಒಂದೊಂದು ರಸ್ತೆಯುಬ್ಬಿಗೂ ಸಿಂಚನ "ಅಮ್ಮಾ" ಎನ್ನುತ್ತಿದ್ದಳು. ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು, ಗೊತ್ತಿಲ್ಲದ ದೇವರಿಗೂ ಒಂದೊಂದು ಸೇರಿಸಿದೆ.

ಮೂಳೆ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. "ಮೂಳೆ ಬೆಳೆಯೋ ಜಾಗದ ಹತ್ರಾನೇ ಮುರಿದಿದೆ. ಕೂಡ್ಕೊಳ್ಳುತ್ತೆ. ಆದ್ರೆ ನೆಟ್ಟಗೆ ಬೆಳೀತಿದೆಯಾ ಅಂತ ಆಗಾಗ ತೋರಿಸ್ತಿರಬೇಕು."

ನೆಟ್ಟಗೆ ಬೆಳೆಯದಿದ್ದರೆ? ಮಗಳ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಶೂ ಹಾಕಿರಲಿಲ್ವಾ?" ಬಿದ್ದ ಬಗೆ ಕೇಳಿದ ಡಾಕ್ಟರು ಅಂದರು.

"ಹುಳು ಮನೆ ಸಾರ್. ಹುಳಕ್ಕೆ ರೋಗ ಬತ್ತದೆ ಅಂತ ನಾನೇ ಬಿಚ್ಚಿಸ್ದೆ."

"ಎಷ್ಟು ಹುಳ ಇದ್ವು?"

ಯಜಮಾನರೇ ಹೇಳಿದರು: "ಒಂದೂ ಇರ್ನಿಲ್ಲ ಸಾರ್. ಮನೆ ಖಾಲಿ."

ಡಾಕ್ಟರು ಬಗ್ಗಿ ನಮ್ಮ ಕಾಲು ನೋಡಿದರು. ಸುಣ್ಣ ಮೆತ್ತಿದ ಆರು ಬರಿಗಾಲು! ಮಗಳ ಶೂ, ನಮ್ಮಿಬ್ಬರ ಚಪ್ಪಲಿ ಹುಳು ಮನೆಯ ಬಾಗಿಲಲ್ಲಿ ಸಾಲಾಗಿ, ಕ್ಷೇಮವಾಗಿ ಇದ್ದವು. ಒಂದಕ್ಕೂ ಒಂದು ಗೀರು ಬಿದ್ದಿರಲಿಲ್ಲ.